ಮೀನಿನ ಯಕೃತ್ತಿನಲ್ಲಿ ಮೀಥೈಲ್ ಪಾದರಸದ ಮಾಪನ: ಸ್ನಾಯುವಿನ ಸಾಕ್ಷ್ಯ ಎಷ್ಟರಮಟ್ಟಿಗೆ ಸಲ್ಲುವುದು?

ಮೀನಿನ ಮೂಲಕ ಬಂದ ಪಾದರಸದ ವಿಷಬಾಧೆಯಾದ ಮಿನಮಾಟದ ವ್ಯಾಧಿಯು 1956ರಲ್ಲಿ ಅಧಿಕೃತವಾಗಿ ದಾಖಲಾದ ಮೇಲೆ, ಮೀನಿನಲ್ಲಿ ಪಾದರಸವೆಷ್ಟಿದೆ ಎಂಬುದಕ್ಕಿಂತ ಅದು ಯಾವ ರೂಪದಲ್ಲಿದೆ ಎಂಬ ಪ್ರಶ್ನೆಯೇ ಕ್ರಮೇಣ ಮುಖ್ಯವಾಯಿತು. ಸ್ವೀಡನ್ನಿನ ಗುನ್ನೆಲ್ ವೆಸ್ಟೊ 1966ರಲ್ಲಿ ಬೆಂಜೀನ್ ಹಾಗೂ ಗ್ಯಾಸ್ ಕ್ರೊಮ್ಯಾಟೋಗ್ರಫಿಯ ನೆರವಿನಿಂದ ಮೀಥೈಲ್ ರೂಪವನ್ನು ಅಳೆಯಲು ಹಾಕಿಕೊಟ್ಟ ಮಾರ್ಗವು ಸರ್ವವಿದಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

1997ರಲ್ಲಿ ಹಿಂಟೆಲ್‌ಮನ್ ಮತ್ತು ಸಂಗಡಿಗರು, ವಿಶಿಷ್ಟ ಐಸೊಟೋಪಿನ ಅಜೈವಿಕ ಪಾದರಸವನ್ನು ಕೆಸರಿನಂಥ ಮಾದರಿಗೆ ಬೆರೆಸಿ, ಅದರ ಒಂದಂಶವು ವಿಶ್ಲೇಷಣೆಯ ನಡುವೆಯೇ ಮೀಥೈಲ್ ಪಾದರಸವಾಗಿ ಪರಿಣಮಿಸುವುದನ್ನು ತೋರಿಸಿದರು. ಅಳೆಯಹೊರಟವನೇ ಅಳೆಯಬೇಕಾದ ವಿಷವನ್ನು ಉತ್ಪಾದಿಸುತ್ತಿದ್ದನೆನ್ನಬೇಕು! ಈ ದೋಷವು ಕೆಸರಿಗೆ ಸಲ್ಲತಕ್ಕುದೇ ಹೊರತು ಪ್ರಾಣಿಗಳ ಅಂಗಾಂಶಕ್ಕಲ್ಲವೆಂಬ ಸಮಾಧಾನವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಅಂಗಾಂಶವೆಂಬುದು ಒಂದೇ ಪದಾರ್ಥವಲ್ಲ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಡಾಗ್‌ಫಿಶ್ ಎಂಬ ಕಿರುಶಾರ್ಕಿನಿಂದ ಸಿದ್ಧಪಡಿಸಿದ ಎರಡು ಪ್ರಮಾಣದ್ರವ್ಯಗಳನ್ನು (ಎಂದರೆ ವಿಧಾನವನ್ನು ಒರೆಹಚ್ಚಲು ಮೌಲ್ಯವನ್ನು ಮೊದಲೇ ಗೊತ್ತುಮಾಡಿಟ್ಟ ಪುಡಿಗಳನ್ನು) ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸ್ನಾಯುವಿನ ಪುಡಿಯಾದ ಡಾರ್ಮ್-2ರಲ್ಲಿ, ಕಿಲೋಗ್ರಾಂ ಒಂದಕ್ಕೆ, ಒಟ್ಟು ಪಾದರಸ 4.64 ಮಿಲಿಗ್ರಾಂ, ಅದರಲ್ಲಿ ಮೀಥೈಲ್ ರೂಪದ್ದೇ 4.47, ಯಕೃತ್ತಿನ ಪುಡಿಯಾದ ಡೋಲ್ಟ್-2ರಲ್ಲಾದರೋ ಒಟ್ಟು ಸುಮಾರು 2, ಮೀಥೈಲ್ ರೂಪದ್ದು ಕೇವಲ 0.693. ಉಳಿದ ಅಜೈವಿಕ ಪಾದರಸದಲ್ಲಿ ನೂರಕ್ಕೆ ಎರಡು ಪಾಲು ರೂಪಾಂತರ ಹೊಂದಿತೆಂದು ಇಟ್ಟುಕೊಳ್ಳೋಣ. ಸ್ನಾಯುವಿನ ಲೆಕ್ಕ ಸಾವಿರಕ್ಕೆ ಒಂದರಷ್ಟೂ ಕೆಡದು; ಯಕೃತ್ತಿನದು ನೂರಕ್ಕೆ ನಾಲ್ಕರ ಸಮೀಪ ಏರೀತು. ಆದಕಾರಣ ಸ್ನಾಯುವಿನ ಪುಡಿಯಲ್ಲಿ ನೆಟ್ಟಗೆ ಬಂದ ಉತ್ತರವು ಯಕೃತ್ತಿನ ಮಾಪನಕ್ಕೆ ಜಾಮೀನಾಗಲಾರದು.

ಯಕೃತ್ತಿಗೆ ಯಕೃತ್ತಿನದೇ ಪ್ರಮಾಣದ್ರವ್ಯವನ್ನು ಬಳಸಿದರಾಯಿತಲ್ಲವೇ ಎನ್ನಬಹುದು. ಆದರೆ ಅದರ ಪ್ರಮಾಣಪತ್ರದಲ್ಲಿ ಮೀಥೈಲ್ ಮೌಲ್ಯಕ್ಕೆ ನಮೂದಾಗಿರುವ ಅನಿಶ್ಚಿತತೆ 0.053, ಎಂದರೆ ನೂರಕ್ಕೆ ಏಳೂವರೆಗೂ ಮಿಗಿಲು. ನಾಲ್ಕರ ತಪ್ಪು ಅದರ ಮಡಿಲಲ್ಲಿ ಸದ್ದಿಲ್ಲದೆ ಅಡಗಿಕೊಳ್ಳುವುದು. ಪತ್ರದ ಮೌಲ್ಯದೊಡನೆ ಹೊಂದಿಕೆಯಾಯಿತೆಂಬುದು ಯಕೃತ್ತಿನ ವಿಷಯದಲ್ಲಿ, ಬಹುಶಃ, ವಿಧಾನದ ನಿರ್ದೋಷತೆಗೆ ಸಾಕಾದ ಪುರಾವೆಯಲ್ಲ. 'ಬಹುಶಃ' ಎಂದೆ: ಏಕೆಂದರೆ ಆ ನೂರಕ್ಕೆರಡು ನನ್ನ ಊಹೆಯೇ ಹೊರತು ಅಳತೆಯಲ್ಲ, ವಿಧಾನ ಬದಲಾದಂತೆ ಅದು ತೀರ ಅಲ್ಪವೂ ಆಗಬಹುದು, ಮೇಲಾಗಿ ಸ್ನಾಯುವಿನ ಒಟ್ಟು ಮೊತ್ತದಲ್ಲಿ ಮೀಥೈಲ್ ಭಾಗವನ್ನು ಕಳೆದರೆ ಉಳಿಯುವ 0.17 ಎಂಬ ಅಂಕಿಯೇ ಆ ಮೌಲ್ಯಗಳ ಅನಿಶ್ಚಿತತೆಗಿಂತ ಕಿರಿದು.

ಐಸೊಟೋಪ್ ಬೆರೆಸಿ ಪ್ರತಿಯೊಂದು ಮಾದರಿಯಲ್ಲೂ ರೂಪಾಂತರವನ್ನು ನೇರವಾಗಿ ಅಳೆಯುವುದೇ ಸದ್ಯಕ್ಕೆ ಕಾಣುವ ದಾರಿ. ಅಲ್ಲಿಯೂ ಒಂದು ತೊಡಕುಂಟು. ನಾವು ಬೆರೆಸುವ ಪಾದರಸವು ಸುಲಭವಾಗಿ ಕರಗುವ ಲವಣ. ಸಮುದ್ರಸಸ್ತನಿಗಳ ಯಕೃತ್ತಿನಲ್ಲಿ ಅಜೈವಿಕ ಪಾದರಸದ ಬಹುಭಾಗ ಸೆಲೆನಿಯಮ್ಮಿನೊಡನೆ ಬೆಸೆದುಕೊಂಡು ಕರಗದಂತಾಗಿರುವುದು ಗೊತ್ತಿದೆ. ಮೀನಿನ ಯಕೃತ್ತಿನಲ್ಲೂ ಹಾಗೆ ಬಂಧಿತವಾಗಿರಬಹುದಾದ ಪಾದರಸವು ಬೆರೆಸಿದ ಲವಣದಷ್ಟೇ ಸುಲಭವಾಗಿ ರೂಪ ಬದಲಿಸುವುದೋ, ಅಥವಾ ಈ ವಿಧಾನವೇ ದೋಷವನ್ನು ಹಿಗ್ಗಿಸಿ ತೋರಿಸುವುದೋ ಎಂಬುದನ್ನು ಮೇಲಿನ ಲೆಕ್ಕಾಚಾರವು ನಿರ್ಣಯಿಸಲಾರದು.