ಮಹಮೂದ್ ಗವಾನ್ ಮತ್ತು ಮೊಹರಿದ್ದ ಸುಳ್ಳು ಪತ್ರ

ಠಾಣಾ ಕುಶನೂರಿನಿಂದ ಬೀದರಿಗೆ ಹೋಗುವ ನಾವು ಆಸ್ಪತ್ರೆ, ಕಚೇರಿ, ಬಜಾರಿನ ಕೆಲಸ ಮುಗಿದರೆ ಸಾಕು, ಬಸ್ ಹಿಡಿಯುತ್ತೇವೆ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯ ಮದ್ರಸದ ಮುಂದೆ ನಿಲ್ಲುವವರು ಕಡಿಮೆ. ಮೊಬೈಲ್ ಬಂದ ಮೇಲೆಯೇ ಜಗತ್ತು ಹತ್ತಿರವಾಯಿತು ಎನ್ನುವವರು ಒಮ್ಮೆ ಅಲ್ಲಿ ನಿಂತು ನೋಡಬೇಕು.

ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವರು. 1453ರ ಸುಮಾರಿಗೆ ವ್ಯಾಪಾರಿಯಾಗಿ ದಾಭೋಳ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದರು. ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದರು. 1472ರಲ್ಲಿ ಮೂರಂತಸ್ತಿನ ಮದ್ರಸ ಎದ್ದಿತು. ಇರಾನಿನ ಮಾದರಿಯ ಬಣ್ಣದ ಮೆರುಗು ಬಿಲ್ಲೆಗಳು ಈಗಲೂ ಅಲ್ಲಲ್ಲಿ ಗೋಡೆಗೆ ಅಂಟಿಕೊಂಡಿವೆ. ಅದರ ಗ್ರಂಥಾಲಯದಲ್ಲಿ 3,000 ಗ್ರಂಥಗಳಿದ್ದವಂತೆ. ಹಿರಾತಿನ ಕವಿ ಜಾಮಿಗೂ ಉಸ್ಮಾನಿ ಸುಲ್ತಾನರಿಗೂ ಬೀದರಿನಿಂದ ಗವಾನರ ಪತ್ರಗಳು ಹೋಗುತ್ತಿದ್ದವು. ಅದೇ ಕಾಲದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ಮಾರಲು ಒಂದು ಕುದುರೆ ತಂದು ಇಲ್ಲಿಗೆ ಬಂದಿದ್ದ. ಅಮೀರರ ವೈಭವದ ಜೊತೆ ಹಳ್ಳಿಗರ ಬಡತನವನ್ನೂ ಆತ ಬರೆದಿಟ್ಟ.

ಆದರೆ ದರ್ಬಾರಿನಲ್ಲಿ ಒಡಕಿತ್ತು. ಹೊರಗಿನಿಂದ ಬಂದವರು ಆಫಾಕಿಗಳು, ಮೊದಲೇ ನೆಲೆಸಿದವರು ದಖನಿಗಳು. ಎರಡೂ ಕಡೆ ಕಲಿಮಾ ಹೇಳುವವರೇ! ಗವಾನರು ಇಬ್ಬರಿಗೂ ಹುದ್ದೆ ಹಂಚಿ ಸರಿದೂಗಿಸಲು ನೋಡಿದರು. ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿ ಸರದಾರರ ಬಲ ತಗ್ಗಿಸಿದ್ದು ಹಗೆಯನ್ನು ಬೆಳೆಸಿತು. ವಿರೋಧಿಗಳು ಅವರ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಹಾಕಿಸಿದರು. ಒಡಿಶಾದ ರಾಜನನ್ನು ದಾಳಿಗೆ ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮುಹಮ್ಮದ್ ಶಾಹ್ ಮೊಹರನ್ನಷ್ಟೇ ನೋಡಿದ. ಮೊಹರು ನನ್ನದು, ಬರಹ ನನ್ನದಲ್ಲ ಎಂಬ ಗವಾನರ ಮಾತು ಅವನ ಕಿವಿಗೆ ಬೀಳಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ್ದ ಪ್ರಧಾನಿಯ ತಲೆ ಉರುಳಿತು.

ಸುದ್ದಿ ತಂದವನ ಮಾತನ್ನು ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಟ್ಟೀರಿ ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನ ಆರನೆಯ ವಚನದಲ್ಲಿದೆ. ಜುಮಾ ಖುತ್ಬಾದಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದೇವೆ. ಮಸೀದಿಯ ಮೆಟ್ಟಿಲು ಇಳಿಯುವ ಮೊದಲೇ ನಮ್ಮ ಬೆರಳು ಯಾವುದೋ ಊರಿನ ವೀಡಿಯೋವನ್ನು ಹತ್ತು ಜನರಿಗೆ ದಾಟಿಸಿರುತ್ತದೆ. ಗಲ್ಫಿನಲ್ಲಿರುವ ಮಗನ ಮುಖ ತೋರಿಸುವುದೂ ಅದೇ ಮೊಬೈಲ್.

ಗವಾನರ ಖಜಾನೆ ತೆರೆಸಿದಾಗ ಅವರ ಸ್ವಂತದ್ದೆಂದು ಸಿಕ್ಕ ಹಣ ಅತ್ಯಲ್ಪ. ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿದ್ದರೆಂದು ಚರಿತ್ರೆಕಾರ ಫಿರಿಶ್ತಾ ಹೇಳುತ್ತಾನೆ. ಸುಲ್ತಾನ ಕೊರಗಿದ. ಮರುವರ್ಷ ಅವನೂ ತೀರಿಕೊಂಡ.