ಒದಿ ಗಾನೋ?

‘ಊಟ ಮಾಡಿದೆಯಾ?’ ಎಂದು ಕೇಳುವಾಗ ಕ್ರಿಯಾಪದದ ತುದಿಗೆ ‘ಆ’ ಬರುತ್ತದೆ. ‘ಏನು ಊಟ ಮಾಡಿದೆ?’ ಎನ್ನುವಾಗ ಅದು ಬೇಡ. ಶಾಲೆಯಲ್ಲಿ ನಾವು ಹೇಳಿಕೊಡುವ ಮೊದಲೇ ಮಕ್ಕಳಿಗೆ ಗೊತ್ತಿರುವ ಸಂಗತಿ ಇದು. ಇಂಥದೇ ಭೇದಕ್ಕೆ ಕೊರಿಯಾದಲ್ಲಿ ಐನೂರು ವರ್ಷಗಳ ಇತಿಹಾಸವಿದೆ ಎಂದು ಓದಿದಾಗ ದೂರದ ಊರಿನಲ್ಲಿ ಪರಿಚಿತರು ಸಿಕ್ಕಂತಾಯಿತು. ಎರಡೂ ಭಾಷೆಗಳು ನೆಂಟರೆಂದು ನಾನು ಹೇಳುತ್ತಿಲ್ಲ, ಮತ್ತೆ!

ಕೊರಿಯನ್ನರ ಕ್ರಿಯಾಪದ ‘ಬಂದನು, ಬಂದಳು’ ಎಂದು ಬದಲಾಗುವುದಿಲ್ಲ. ಎದುರಿಗೆ ಯಾರಿದ್ದಾರೆ ಎಂಬುದನ್ನು ನೋಡಿಕೊಂಡು ಅದರ ತುದಿ ಬದಲಾಗುತ್ತದೆ. ತಾಯಿ ಮಗಳನ್ನು, ಗೆಳತಿ ಗೆಳತಿಯನ್ನು ಕೇಳುವಾಗ ‘ನಿ’. ಸ್ವಲ್ಪ ಒರಟಾದ ಸಲಿಗೆಯಾದರೆ ‘ನ್ಯಾ’. ಅತ್ತೆಯ ಮುಂದೆ ಇವೆರಡೂ ಸಲ್ಲವು.

ರಾಜಧಾನಿ ಸಿಯೋಲ್‌ನಲ್ಲಿ ‘ಒದಿ ಗಾನಿ?’ ಎಂದರೆ ‘ಎಲ್ಲಿಗೆ ಹೊರಟೆ?’ ಎಂದೂ ಆದೀತು, ‘ಎಲ್ಲಿಗಾದರೂ ಹೊರಟೆಯಾ?’ ಎಂದೂ ಆದೀತು. ದನಿಯ ಏರಿಳಿತದಿಂದ ತಿಳಿದುಕೊಳ್ಳಬೇಕು. ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಯವರಿಗೆ, ಅಂದರೆ ಬುಸಾನ್, ದೇಗು ಕಡೆಯವರಿಗೆ, ಈ ತೊಡಕಿಲ್ಲ. ‘ಒದಿ ಗಾನೋ?’ ಎಂದರೆ ಊರಿನ ಹೆಸರು ಹೇಳಬೇಕು. ‘ಒದಿ ಗಾನಾ?’ ಎಂದರೆ ಹೌದು, ಇಲ್ಲ ಎಂದರೆ ಸಾಕು. ಒಂದೇ ಸ್ವರದ ವ್ಯತ್ಯಾಸ.

ಇದು ಹಳ್ಳಿಯವರ ಬಾಯಲ್ಲಿ ಕೆಟ್ಟು ಹುಟ್ಟಿದ್ದಲ್ಲ. ಸೆಜೊಂಗ್ ಅರಸ 1443ರಲ್ಲಿ ರೂಪಿಸಿ 1446ರಲ್ಲಿ ಹೊರಡಿಸಿದ ಲಿಪಿ ಬಂದ ಮೇಲೆ ಜನರ ಮಾತು ಅದರ ಪ್ರತ್ಯಯಗಳ ಸಮೇತ ಬರಹಕ್ಕೆ ಇಳಿಯಿತು. ಚೀನೀ ಅಕ್ಷರಗಳಲ್ಲಿ ಅದು ಕಷ್ಟವಿತ್ತು. ಆ 15ನೆಯ ಶತಮಾನದ ಪುಸ್ತಕಗಳಲ್ಲಿ ಏನು, ಎಲ್ಲಿ, ಯಾರು ಎಂಬ ಪ್ರಶ್ನೆಗಳಿಗೆ ‘ಓ’ಕಾರದ ತುದಿ, ಹೌದು-ಇಲ್ಲ ಪ್ರಶ್ನೆಗಳಿಗೆ ಬೇರೆ ತುದಿ. ಸಿಯೋಲ್ ಮಾತಿನಲ್ಲಿ ಅದು ಸವೆದುಹೋಯಿತು, ಗ್ಯೊಂಗ್‌ಸಾಂಗ್‌ನಲ್ಲಿ ಉಳಿಯಿತು.

ಜಪಾನಿನ ಆಳ್ವಿಕೆಯಲ್ಲಿ, 1933ರಲ್ಲಿ, ಕೊರಿಯನ್ ವಿದ್ವಾಂಸರು ಕಾಗುಣಿತದ ನಿಯಮ ಮಾಡುತ್ತ ಸಿಯೋಲ್‌ನ ಮಧ್ಯಮ ವರ್ಗದ ಮಾತೇ ಶಿಷ್ಟ ಎಂದರು. ಭಾಷೆ ಉಳಿದರೆ ಸಾಕೆನ್ನುವ ಆ ದಿನಗಳಲ್ಲಿ ಅದನ್ನು ತಪ್ಪೆನ್ನಲಾರೆ. ಆದರೆ 1988ರಲ್ಲಿ ದಕ್ಷಿಣ ಕೊರಿಯಾ ನಿಯಮ ತಿದ್ದಿದಾಗ ‘ಮಧ್ಯಮ ವರ್ಗ’ದ ಜಾಗಕ್ಕೆ ‘ಸುಸಂಸ್ಕೃತರು’ ಬಂದರು. ಇದು ಮಾತ್ರ ನನಗೆ ಹಿಡಿಸಲಿಲ್ಲ. ಸೆಜೊಂಗ್ ಕಾಲದ ಭೇದವನ್ನು ಇಂದಿಗೂ ತಪ್ಪದೆ ನುಡಿಯುವ ಬುಸಾನಿನ ಮೀನು ಮಾರುವಾಕೆ ಹಾಗಾದರೆ ಯಾರು? ಅವಳದು ‘ಸಾತುರಿ’, ಪ್ರಾಂತ್ಯದ ಮಾತು. ಕೆಲಸಕ್ಕೆಂದು ಸಿಯೋಲ್ ಸೇರಿದ ಅಂಥವರ ಹೆಣ್ಣುಮಕ್ಕಳು ಎಷ್ಟೋ ಮಂದಿ ಆಫೀಸಿನಲ್ಲಿ ಅದನ್ನು ಅಡಗಿಸಿಕೊಳ್ಳುತ್ತಾರೆ. ಸಂಜೆ ಊರಿಗೆ ಫೋನು ಮಾಡಿದಾಗ ಹಳೆಯ ‘ನೋ’ ತಾನಾಗಿ ಹೊರಬರುತ್ತದೆ: ‘ಒಮ್ಮಾ, ಮ್ವೊ ಹಾನೋ?’ ಅಮ್ಮ, ಏನು ಮಾಡ್ತಿದ್ದೀಯ?