ಕ್ರಿಯಾಪದದೊಳಗಿನ ವ್ಯಾಕರಣ: ಕನ್ನಡಿಗರ ಇಂಗ್ಲಿಷ್ ವಾಕ್ಯಗಳನ್ನು ತಿದ್ದುವ ಬಗೆ

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳ ಇಂಗ್ಲಿಷ್ ಬರವಣಿಗೆಯನ್ನು ತಿದ್ದುವಾಗ ವ್ಯಾಕರಣದ ತಪ್ಪು ಬೇರೆ, ಪದಬಳಕೆಯ ತಪ್ಪು ಬೇರೆ ಎಂದು ವಿಂಗಡಿಸುವುದು ನಮ್ಮಲ್ಲಿ ರೂಢಿ. ಈ ವಿಂಗಡಣೆಯೇ ತಿದ್ದುಪಡಿಯ ಬಲವನ್ನು ಕುಂದಿಸುತ್ತಿದೆ ಎಂಬುದು ಈ ಲೇಖನದ ವಾದ. ಇಂಗ್ಲಿಷಿನಲ್ಲಿ ನಾವು ಯಾವ ಕ್ರಿಯಾಪದವನ್ನು ಆರಿಸಿಕೊಳ್ಳುತ್ತೇವೋ ಅದೇ ವಾಕ್ಯದ ಉಳಿದ ಅಂಗಗಳ ರೂಪವನ್ನು ಬಹುಮಟ್ಟಿಗೆ ಗೊತ್ತುಮಾಡುತ್ತದೆ.

'ಹಿ ಎಕ್ಸ್‌ಪ್ಲೇನ್ಡ್ ಮಿ ದ ಪ್ರಾಬ್ಲಮ್' ಎಂಬ ವಾಕ್ಯವನ್ನು ಗಮನಿಸಬಹುದು. ಕಾಲರೂಪ ಸರಿಯಾಗಿದೆ. ಪದಗಳ ಕ್ರಮವೂ 'ಹಿ ಟೋಲ್ಡ್ ಮಿ ದ ಸ್ಟೋರಿ' ಎಂಬ ಶುದ್ಧ ವಾಕ್ಯದ ಕ್ರಮವೇ. ಆದರೂ ವಾಕ್ಯ ತಪ್ಪು. 'ಟೆಲ್' ತನ್ನ ಎರಡು ಕರ್ಮಗಳನ್ನು ಅಕ್ಕಪಕ್ಕ ಇರಿಸಿಕೊಳ್ಳಬಲ್ಲದು. 'ಎಕ್ಸ್‌ಪ್ಲೇನ್' ಹಾಗಲ್ಲ, ಅದಕ್ಕೆ ಕೇಳುಗನ ಮುಂದೆ 'ಟು' ಬೇಕು. 'ಅಡ್ವೈಸ್ಡ್ ಮಿ ಟು ಗೋ' ಸರಿ, 'ಸಜೆಸ್ಟೆಡ್ ಮಿ ಟು ಗೋ' ತಪ್ಪು. ಅರ್ಥದಲ್ಲಿ ಇಷ್ಟು ಹತ್ತಿರವಿರುವ ಪದಗಳು ರಚನೆಯಲ್ಲಿ ದೂರ ನಿಲ್ಲುತ್ತವೆ.

ಕನ್ನಡದಲ್ಲಿ ಈ ಸಂಬಂಧವನ್ನು ತೋರಿಸುವುದು ನಾಮಪದಕ್ಕೆ ಹತ್ತುವ ವಿಭಕ್ತಿ. ಹೇಳಿದ, ವಿವರಿಸಿದ, ಸೂಚಿಸಿದ, ಈ ಮೂರಕ್ಕೂ 'ನನಗೆ' ಸಲ್ಲುತ್ತದೆ. ಹಾಗೆಯೇ, ಇಂಗ್ಲಿಷಿನ 'ಡಿಸ್ಕಸ್'ಗೆ 'ಅಬೌಟ್' ಬೇಡವಾದರೂ, 'ಬಗ್ಗೆ ಚರ್ಚಿಸಿದರು' ಎನ್ನುವ ನಾಲಿಗೆ 'ಡಿಸ್ಕಸ್ಡ್ ಅಬೌಟ್' ಎಂದರೆ ಅಚ್ಚರಿಯಿಲ್ಲ. ವಿದ್ಯಾರ್ಥಿ ಇಲ್ಲಿ ಅಜಾಗರೂಕನಾಗಿಲ್ಲ. ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಕಲಿಯುವವರ ತಪ್ಪುಗಳಲ್ಲೂ ಒಂದು ವ್ಯವಸ್ಥೆ ಇರುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ವಾದಿಸಿದ್ದು ನಮ್ಮ ಉತ್ತರಪತ್ರಿಕೆಗಳ ಮಟ್ಟಿಗೂ ನಿಜ.

ಪದಕ್ಕೂ ರಚನೆಗೂ ಇರುವ ಈ ನಂಟನ್ನು ನಿಘಂಟಿನೊಳಗೆ ತಂದವರಲ್ಲಿ ಎ. ಎಸ್. ಹಾರ್ನ್‌ಬಿ ಪ್ರಮುಖರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಕ್ರಿಯಾಪದದ ಅರ್ಥದ ಜೊತೆಗೆ ಅದು ಯಾವ ವಾಕ್ಯಮಾದರಿಗೆ ಒಗ್ಗುತ್ತದೆ ಎಂಬುದನ್ನೂ ಅಲ್ಲಿ ಸೂಚಿಸಲಾಗಿತ್ತು. ಮುಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದ ಕೋಬಿಲ್ಡ್ ನಿಘಂಟು (1987) ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ನೈಜ ಬಳಕೆಗಳನ್ನು ಆಧರಿಸಿ ಇದೇ ದಾರಿಯಲ್ಲಿ ನಡೆಯಿತು. ಎಂಟು ದಶಕಗಳಷ್ಟು ಹಳೆಯದಾದ ಈ ತಿಳಿವು ನಮ್ಮ 'ತಪ್ಪು ತಿದ್ದಿ ಬರೆಯಿರಿ' ಅಭ್ಯಾಸಗಳಿಗೆ ಇನ್ನೂ ಇಳಿಯದಿರುವುದು ನೋವಿನ ಸಂಗತಿ.

ಎಲ್ಲ ತಪ್ಪುಗಳೂ ಕ್ರಿಯಾಪದದಿಂದ ಹುಟ್ಟುವುದಿಲ್ಲ. ಆರ್ಟಿಕಲ್‌ಗಳ ತೊಡಕು ಬೇರೆಯದು, ಮತ್ತು ಅಲ್ಲಿ ಕನ್ನಡವೇ ನೆರವಿಗೆ ಬರಬಲ್ಲದು. ಕನ್ನಡದಲ್ಲಿ 'ದ' ಎಂಬುದಕ್ಕೆ ನೇರ ಸಮಾನ ಪದವಿಲ್ಲ, ನಿಜ. ಆದರೆ 'ಪುಸ್ತಕ ಕೊಂಡೆ' ಮತ್ತು 'ಪುಸ್ತಕವನ್ನು ಕೊಂಡೆ' ಎಂಬ ಎರಡು ಮಾತುಗಳನ್ನು ಕಿವಿಗೊಟ್ಟು ಕೇಳಿದರೆ, ಎರಡನೆಯದರಲ್ಲಿ ಆಡುವವನಿಗೂ ಕೇಳುವವನಿಗೂ ಗೊತ್ತಿರುವ ಒಂದು ಪುಸ್ತಕದ ಕಡೆ ಒಲವು ಕಾಣುತ್ತದೆ. ಅಚೇತನ ವಸ್ತುಗಳ ವಿಷಯದಲ್ಲಿ ದ್ವಿತೀಯಾ ವಿಭಕ್ತಿ ನಿರ್ದಿಷ್ಟತೆಯನ್ನು ಹೀಗೆ ಸೂಚಿಸಬಲ್ಲದು. ಮನುಷ್ಯವಾಚಕಗಳಿಗೆ ಪ್ರತ್ಯಯ ಹೇಗೂ ಬೇಕಾಗುವುದರಿಂದ ಅಲ್ಲಿ ಈ ಸುಳಿವು ಸಿಗದು. ಗ್ರಾಂಥಿಕ ಬರಹದಲ್ಲೂ ಅದು ಮಸುಕಾಗುತ್ತದೆ. ಈ ಮಿತಿಗಳಿದ್ದರೂ, ನಿರ್ದಿಷ್ಟತೆ ಎಂಬ ಕಲ್ಪನೆ ವಿದ್ಯಾರ್ಥಿಗೆ ಹೊಸದಲ್ಲ ಎಂದು ತೋರಿಸಲು ಇಷ್ಟು ಸಾಕು. ನಿಯಮ ಬಾಯಿಪಾಠ ಮಾಡಿಸುವುದಕ್ಕಿಂತ ಇಲ್ಲಿಂದ ಶುರುಮಾಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಕೃದಂತಗಳ ವಿಷಯದಲ್ಲಿ ಕನ್ನಡದ ಅಭ್ಯಾಸ ದಾರಿ ತಪ್ಪಿಸುತ್ತದೆ. 'ಮಳೆ ಬಂದು ಕೆರೆ ತುಂಬಿತು' ಎಂಬಲ್ಲಿ ಎರಡು ಕ್ರಿಯೆಗಳಿಗೆ ಎರಡು ಕರ್ತೃಗಳಿದ್ದರೂ ಕಾರಣದ ಸಂಬಂಧ ವಾಕ್ಯವನ್ನು ಹಿಡಿದಿಡುತ್ತದೆ. 'ಹ್ಯಾವಿಂಗ್ ರೇನ್ಡ್ ಹೆವಿಲಿ, ದ ಟ್ಯಾಂಕ್ ಫಿಲ್ಡ್' ಎಂದರೆ ಮಳೆ ಸುರಿಸಿದ್ದು ಕೆರೆಯೇ ಎಂಬ ಅರ್ಥ ಬರುತ್ತದೆ. 'ಇಟ್ ರೇನ್ಡ್ ಹೆವಿಲಿ ಅಂಡ್ ದ ಟ್ಯಾಂಕ್ ಫಿಲ್ಡ್' ಎಂದು ಬಿಡಿಸಿ ಬರೆದರೆ ತೊಡಕಿಲ್ಲ.

ತಿದ್ದಿದರೆ ಕಲಿಯುತ್ತಾರೆಯೇ? ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಯೋಜನೆ ಎಂದೇ ಹೆಸರಾದ ಪ್ರಯೋಗ ವ್ಯಾಕರಣವನ್ನು ಪ್ರತ್ಯೇಕವಾಗಿ ಕಲಿಸದೆ, ಅರ್ಥಕ್ಕೆ ಒತ್ತು ಕೊಡುವ ಚಟುವಟಿಕೆಗಳ ಮೂಲಕ ಭಾಷೆ ಬೆಳೆಸಲು ಯತ್ನಿಸಿತು. ಅಲ್ಲಿ ಪ್ರಾಸಂಗಿಕ ತಿದ್ದುಪಡಿಗೆ ಎಡೆಯಿತ್ತು, ಯೋಜಿತ ತಿದ್ದುಪಡಿಗೆ ಇರಲಿಲ್ಲ. ಬರವಣಿಗೆಯ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ ಎಂದು 1996ರಲ್ಲಿ ಜಾನ್ ಟ್ರಸ್ಕಾಟ್ ಬರೆದರು. ಡೇನಾ ಫೆರಿಸ್ 1999ರಲ್ಲಿ ಅದನ್ನು ಪ್ರಶ್ನಿಸಿದರು. ನನ್ನ ಮಟ್ಟಿಗೆ, ಪುಟದ ತುಂಬ ಕೆಂಪು ಗೆರೆ ಎಳೆಯುವುದು ವ್ಯರ್ಥ. ಆದರೆ ಒಂದು ಬರಹದಲ್ಲಿ ಒಂದೆರಡು ಕ್ರಿಯಾಪದಗಳನ್ನಷ್ಟೇ ಹಿಡಿದು, ಅವುಗಳ ಮಾದರಿಯನ್ನು ವಿದ್ಯಾರ್ಥಿಯೇ ನಿಘಂಟಿನಲ್ಲಿ ಹುಡುಕಿ ಮೂರು ಹೊಸ ವಾಕ್ಯ ಬರೆಯುವಂತೆ ಮಾಡುವುದು ಬೇರೆಯೇ ಬಗೆಯ ಕೆಲಸ.

ಭಾರತೀಯ ಇಂಗ್ಲಿಷಿಗೆ ತನ್ನದೇ ನಿಯಮಗಳಿವೆ ಎಂಬ ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರ ನಿಲುವನ್ನು ಗೌರವಿಸುತ್ತಲೇ, ಅರ್ಜಿ, ಪ್ರಬಂಧ, ಸಂದರ್ಶನಗಳಲ್ಲಿ 'ಡಿಸ್ಕಸ್ ಅಬೌಟ್' ವಿದ್ಯಾರ್ಥಿಗೆ ನಷ್ಟ ತರಬಹುದು ಎಂಬುದನ್ನು ಅಧ್ಯಾಪಕರು ಮುಚ್ಚಿಡಬಾರದು. ಇಂಥ ತಿದ್ದುಪಡಿಗೆ ಬೇಕಾದ ಸಾಧನ ಕನ್ನಡಿಗ ಕಲಿಯುವವರಿಗೆಂದೇ ರೂಪಿಸಿದ ಇಂಗ್ಲಿಷ್–ಕನ್ನಡ ನಿಘಂಟು. ಅದರಲ್ಲಿ 'ಸಜೆಸ್ಟ್' ಪದದ ಎದುರು 'ಸೂಚಿಸು' ಎಂದಷ್ಟೇ ಇದ್ದರೆ ಸಾಲದು. 'ನನಗೆ ಸೂಚಿಸಿದ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬುದೂ ಅದೇ ನಮೂದಿನಲ್ಲಿ ಇರಬೇಕು.